ಎಂಟು ಅರ್ಜಿಗಳು

ಎಂಟು ಅರ್ಜಿಗಳು ಮೊದಲೇ ಅಚ್ಚಾಗಿ ಬಂದಿದ್ದವು. "ಕೌಟುಂಬಿಕ ಕಾರಣಗಳಿಂದ ನನ್ನ ಮಗುವನ್ನು ಬೇರೆ ಶಾಲೆಗೆ ಸೇರಿಸಬೇಕಾಗಿರುವುದರಿಂದ ದಯವಿಟ್ಟು ಟಿಸಿ ಕೊಡಬೇಕೆಂದು ವಿನಂತಿ." ಮಗುವಿನ ಹೆಸರು ಟೈಪಾಗಿತ್ತು, ತರಗತಿ ಟೈಪಾಗಿತ್ತು, ಕೌಟುಂಬಿಕ ಕಾರಣವೂ ಟೈಪಾಗಿತ್ತು. ಪಾಲಕರ ಸಹಿಯ ಜಾಗವೊಂದು ಮಾತ್ರ ಖಾಲಿ. ಯಾರ ಮನೆಯ ಕಾರಣವನ್ನು ಯಾರು ಕುಳಿತು ಬರೆದರು ಎಂದು ನನಗೆ ಮೈಯೆಲ್ಲ ಉರಿಯಿತು.

"ಅಕ್ಕೋರ, ಇವಕ್ಕ ಪಾಲಕರ ಸಹಿ ನೀವ ಹಾಕಿಸಿಕೊಂಡ ಬರಬೇಕ ನೋಡ್ರಿ," ಎಂದರು ಈಶ್ವರಣ್ಣ, ನಮ್ಮ ಶಾಲೆಯ ಚೇರ್ಮನ್. "ನಿಮ್ಮ ಮಾತ ಕೇಳ್ತಾರ ಆ ಮಂದಿ."

"ಕೇಳ್ತಾರಂತ ನಾ ಹೋಗೂದಿಲ್ರಿ," ಎಂದೆ.

ನಾನು ಶೋಭಾ. ಹನ್ನೊಂದು ವರ್ಷದಿಂದ ಈ ಶಾಲೆಯ ಐದನೆಯ ತರಗತಿ ನನ್ನದು. ಊರವರಿಗೆ ನಾನು ಬಾಯಿ ಜೋರಿನ ಅಕ್ಕೋರು. ಅದನ್ನು ಬೈಗುಳ ಎಂದು ನಾನು ಯಾವತ್ತೂ ತಿಳಿದಿಲ್ಲ. ಮನೆ ಗೋಕಾಕದಲ್ಲಿ. ಗಂಡ ಭೀಮೇಶನದು ಅಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಘಟಪ್ರಭಾ ದಾಟಿ ಹುಕ್ಕೇರಿ ತಾಲೂಕಿಗೆ ಬರುತ್ತೇನೆ, ಸಂಜೆ ಅದೇ ದಾರಿಯಲ್ಲಿ ಹಿಂದಿರುಗುತ್ತೇನೆ.

ಶಾಲೆ ಇರುವುದು ಬೆಲ್ಲದ ಬಾಗೇವಾಡಿಯಿಂದ ನಾಲ್ಕು ಕಿಲೋಮೀಟರು ಆಚೆ, ಕಬ್ಬಿನ ಹೊಲಗಳ ನಡುವೆ. ಕಟ್ಟಿದವರು ಈಶ್ವರಣ್ಣನ ತಂದೆ ಪರಪ್ಪ ಕಾಕಾ. ಬಸವಣ್ಣನನ್ನು ಫೋಟೋದಲ್ಲಿ ಬಿಟ್ಟು ಬದುಕಿನಲ್ಲಿ ಹುಡುಕಿದ ಮನುಷ್ಯ. ತಮ್ಮದೇ ಎರಡು ಎಕರೆಯಲ್ಲಿ ಏಳು ಕೋಣೆ ಎಬ್ಬಿಸಿ, ಪೇಂಟರನ ಬೆನ್ನಿಗೆ ನಿಂತು ಗೋಡೆಯ ಮೇಲೆ ನಾಲ್ಕು ಮಾತು ಬರೆಸಿದ್ದರು. ತಲೆ, ಕೈ, ಎದೆ ಮೂರೂ ಕೂಡಿ ಬೆಳೆಯಲಿ. ಯಾವ ಕೆಲಸವೂ ಕೀಳಲ್ಲ. ಒಂದು ಮಗುವನ್ನು ಇನ್ನೊಂದರ ಎದುರು ತಕ್ಕಡಿಗೆ ಹಾಕಬೇಡಿ. ಬಂದ ಮಗುವನ್ನು ಕಳಿಸಬೇಡಿ. ತಪಾಸಣೆಗೆ ಬಂದ ಸಾಹೇಬರು ಅದನ್ನು ಓದಿ, ತಲೆದೂಗಿ, ಚಹಾ ಕುಡಿದು ಹೋಗುತ್ತಿದ್ದರು. ಆದರೆ ಪರಪ್ಪ ಕಾಕಾ ಅದನ್ನು ಸಾಹೇಬರಿಗಾಗಿ ಬರೆಸಿರಲಿಲ್ಲ.

ನಮ್ಮಲ್ಲಿ ಹಾಜರಿಯೇ ಬೇರೆ ಥರ. ಹೆಸರು ಕರೆದರೆ ಮಗು "ಯೆಸ್ ಸರ್" ಅನ್ನುವುದಿಲ್ಲ. ಆ ದಿನ ಮುಂಜಾನೆ ಕೈಯಿಂದ ಏನು ಕೆಲಸ ಮಾಡಿ ಬಂದೆ ಎಂಬುದನ್ನು ಹೇಳುತ್ತದೆ. "ಎಮ್ಮಿ ಮೈ ತೊಳದ ಬಂದೇನ್ರಿ." "ಆಯಿಗಿ ಗುಳಿಗಿ ಕೊಟ್ಟ ಬಂದೇನ್ರಿ." ಒಮ್ಮೆ ಒಬ್ಬ ಹುಡುಗ "ಏನೂ ಮಾಡಿಲ್ರಿ, ಬಸ್ಸ ಬರೂತನಕ ಮಕ್ಕೊಂಡಿದ್ದೆ" ಅಂದ. ನಿಜ ಹೇಳಿದ್ದಕ್ಕೆ ಇಡೀ ತರಗತಿ ಚಪ್ಪಾಳೆ ತಟ್ಟಿತು. ಕಾಯಕದ ಪಾಠವನ್ನು ನಾವು ಪುಸ್ತಕದಿಂದ ಹೇಳಿಕೊಟ್ಟದ್ದು ಕಡಿಮೆ.

ಪರಪ್ಪ ಕಾಕಾ ಹೋಗಿ ಎರಡು ವರ್ಷವಾಯಿತು. ಈಶ್ವರಣ್ಣ ಕೆಟ್ಟ ಮನುಷ್ಯ ಎಂದು ನಾನು ಹೇಳುವುದಿಲ್ಲ. ಗೋಕಾಕದ, ಸಂಕೇಶ್ವರದ ದೊಡ್ಡ ಶಾಲೆಗಳ ಹಳದಿ ಬಸ್ಸುಗಳು ನಮ್ಮ ಗೇಟಿನ ಮುಂದೆಯೇ ಬಂದು ನಮ್ಮೂರ ಮಕ್ಕಳನ್ನು ಹತ್ತಿಸಿಕೊಂಡು ಹೋಗುತ್ತಿದ್ದವು. ಈ ವರ್ಷ ಒಂದನೆಯ ತರಗತಿಗೆ ಬಂದದ್ದು ಹದಿನಾಲ್ಕೇ ಮಕ್ಕಳು. ಗಾಬರಿಬಿದ್ದ ಮನುಷ್ಯ ದಾರಿ ಹುಡುಕಿದ. ನಮ್ಮ ಕಡೆ ದಾರಿ ಹುಡುಕುವವರೆಲ್ಲ ಹೋಗಿ ನಿಲ್ಲುವುದು ಮೂಡಲಗಿಯಲ್ಲಿ. ನವೋದಯ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡುವ ಕೋಚಿಂಗ್ ಅಲ್ಲಿ ಓಣಿಗೊಂದು. ಆಯ್ಕೆಯಾದ ಮಕ್ಕಳ ಮೋರೆಗಳು ಸರ್ಕಲ್ಲಿನ ತುಂಬ ಫ್ಲೆಕ್ಸಿನ ಮೇಲೆ ನಿಂತು ನಗುತ್ತಿರುತ್ತವೆ. ಆಯ್ಕೆಯಾಗದವು ಎಲ್ಲಿ ನಿಂತಿವೆ ಎಂದು ಯಾರೂ ಕೇಳುವುದಿಲ್ಲ.

ಅಲ್ಲಿಂದ ಈಶ್ವರಣ್ಣ ಕಾಶಿನಾಥ ಸರ್ ಎಂಬವರನ್ನು ಕರೆತಂದರು. ವಾರಕ್ಕೆ ನಾಲ್ಕು ದಿನ ನಮ್ಮಲ್ಲಿ, ಉಳಿದ ದಿನ ಮೂಡಲಗಿಯಲ್ಲಿ. ಮೂವತ್ತರ ಮನುಷ್ಯ, ತಾನೂ ಅದೇ ಪರೀಕ್ಷೆ ಬರೆದು ಹಳ್ಳಿಯಿಂದ ಮೇಲೆ ಬಂದವನು. ಬಂದ ಮೊದಲ ವಾರವೇ ಐದನೆಯ ತರಗತಿಗೆ ಎಂಬತ್ತು ಪ್ರಶ್ನೆಯ ಪರೀಕ್ಷೆ ಇಟ್ಟ. ಎರಡನೆಯ ವಾರ ಬೆಂಚುಗಳನ್ನು ರ‍್ಯಾಂಕಿನ ಪ್ರಕಾರ ಹಚ್ಚಿಸಿದ. ಮೂರನೆಯ ವಾರ ಹಾಜರಿ ನಿಂತಿತು. ಹೆಸರಿನ ಬದಲು ರ‍್ಯಾಂಕಿನ ನಂಬರು ಕರೆಯಬೇಕು, ಮಗು "ಯೆಸ್ ಸರ್" ಅನ್ನಬೇಕು. ನಾನು ನನ್ನ ಕೋಣೆಯ ಬಾಗಿಲು ಹಾಕಿಕೊಂಡು ಹಳೆಯ ಹಾಜರಿಯನ್ನೇ ಮುಂದುವರಿಸಿದೆ. ಗೊತ್ತಾಗಲಿ ಎಂದೇ ಸ್ವಲ್ಪ ಜೋರಾಗಿ ಕರೆದೆ.

ಈಗ ಎಂಟು ಅರ್ಜಿ. ಪರೀಕ್ಷೆಯಲ್ಲಿ ಕಡೆಯ ಎಂಟು ಮಕ್ಕಳು ಹೋದರೆ ಉಳಿದವರ ಫಲಿತಾಂಶ ಬೋರ್ಡಿಗೆ ಬರೆಯಲು ಚೆಂದ ಕಾಣುತ್ತದಂತೆ. ಪಟ್ಟಿಯ ತೀರಾ ಕೊನೆಯ ಹೆಸರು ಸುಮನ, ಎಂಬತ್ತಕ್ಕೆ ಆರು.

ಆ ಎಂಟರಲ್ಲಿ ಆರು ಮಕ್ಕಳು ಊರ ಹೊರಗಿನ ಓಣಿಯವರು. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ನಾನೇ ಹೇಳಿದೆ.

ಈಶ್ವರಣ್ಣನ ಮೋರೆ ಕೆಂಪಾಯಿತು. "ನಮ್ಮಪ್ಪಾರು ಜಾತಿ ನೋಡಿದವರಲ್ಲ, ನಾನೂ ನೋಡಾಂವ ಅಲ್ಲ. ಮಾರ್ಕ್ಸ ನೋಡ್ತೇನಿ, ಅಷ್ಟ."

"ನಿಮ್ಮಪ್ಪಾರು ಮಾರ್ಕ್ಸೂ ನೋಡಿದವರಲ್ಲ," ಎಂದು ಎದ್ದು ಬಂದೆ.

ಸುಮನ ಒಳಗೊಳಗೇ ಭಾರೀ ಜಾಣೆ, ಪರೀಕ್ಷೆಗೆ ಮಾತ್ರ ತಿಳಿಯಲಿಲ್ಲ ಎಂದು ನಾನು ಕಥೆ ಹೇಳಲು ಹೊರಟಿಲ್ಲ. ಅವಳು ಗಣಿತದಲ್ಲಿ ಹಿಂದೆ. ಭಾಗಾಕಾರ ಇವತ್ತು ಬಂದರೆ ನಾಳೆ ಹೋಗುತ್ತದೆ. ಎರಡು ತಾಸಿನಲ್ಲಿ ಒಂಬತ್ತು ಪ್ರಶ್ನೆ ಬಿಡಿಸಿದಳು, ಅದರಲ್ಲೂ ಮೂರು ತಪ್ಪು. ಜೂನ್ ತಿಂಗಳಲ್ಲಿ ಒಂದನೆಯ ತರಗತಿಗೆ ಬಂದ ಕೂಸುಗಳು ಅತ್ತು ಊರು ಒಂದು ಮಾಡುವಾಗ ನಾವು ಸುಮನಳನ್ನು ಕರೆಸುತ್ತೇವೆ. ಅವಳು ಹೋಗಿ ಬಾಜೂ ಕೂರುತ್ತಾಳೆ. ಏನೂ ಮಾತಾಡುವುದಿಲ್ಲ. ಅವು ಅತ್ತು ಮುಗಿಸುವವರೆಗೂ ಕೂತಿರುತ್ತಾಳೆ, ಅಷ್ಟೆ. ಈ ಗುಣವೂ ಅವಳಿಗೆ ಇಲ್ಲದಿದ್ದರೆ ಏನಂತೆ? ಒಂಬತ್ತು ವರ್ಷದ ಮಗು ಶಾಲೆಯಲ್ಲಿ ಉಳಿಯಲು ತನ್ನ ಯೋಗ್ಯತೆ ತೋರಿಸಬೇಕೇ? ನಮ್ಮ ಯೋಗ್ಯತೆ ತೋರಿಸಬೇಕಾದವರು ನಾವು.

ಅರ್ಜಿಗಳನ್ನು ಮುಟ್ಟುವುದಿಲ್ಲ ಎಂದದ್ದೇನೋ ಸರಿ. ಆದರೆ ಶನಿವಾರ ಪಾಲಕರ ಸಭೆ ಕರೆದು ಈಶ್ವರಣ್ಣ ತಾವೇ ಸಹಿ ಹಾಕಿಸಿಕೊಳ್ಳುವುದು ಖಚಿತವಿತ್ತು. ನಮ್ಮ ಕಡೆ ಮಂದಿ ಚೇರ್ಮನ್ನರು ಪೆನ್ನು ಕೊಟ್ಟರೆ ಓದದೆ ಸಹಿ ಹಾಕುತ್ತಾರೆ. ಅದು ಅಂಜಿಕೆಯೂ ಹೌದು, ಮರ್ಯಾದೆಯೂ ಹೌದು. ಅದಕ್ಕೆ ನಾನು ಎಂಟೂ ಮನೆಗೆ ಮೊದಲೇ ಹೋಗಿ ಸಹಿ ಹಾಕಬೇಡಿ ಎಂದು ಹೇಳಿ ಬರಲು ಹೊರಟೆ. ಮೊದಲು ಹೋದದ್ದು ಸುಮನಳ ಮನೆಗೆ.

ಅವಳ ಅಪ್ಪ ಸತ್ತೆಪ್ಪ ಹಿಡಕಲ್ ಡ್ಯಾಮಿನ ಕಾಲುವೆ ಮೇಲೆ ದಿನಗೂಲಿ. ಅವ್ವ ಸಾವಂತ್ರೆವ್ವ ಕಬ್ಬಿನ ಹೊಲದಲ್ಲಿ ಕಳೆ ತೆಗೆಯಲು ಹೋಗುತ್ತಾಳೆ. ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರು. ಅವರ ಕೆಳಗೆ ಸುಮನಳ ಶಾಲೆಯ ಚೀಲಕ್ಕೆ ಒಂದು ಮೊಳೆ. ಸಾವಂತ್ರೆವ್ವ ಚಹಾ ಇಟ್ಟಳು. ನಾನು ಬಂದ ಕಾರಣ ಹೇಳಿದೆ.

ಸತ್ತೆಪ್ಪ ಚಹಾದ ಬಟ್ಟಲು ನನ್ನ ಮುಂದೆ ಸರಿಸಿದ. "ಅಕ್ಕೋರ, ಒಂದ ಮಾತ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನಂಬರ ಗಿಂಬರ ಬ್ಯಾಡ ಅಂತೀರಿ ನೀವು. ಹೊರಗ ಜಗತ್ತ ನಂಬರ ಮ್ಯಾಲ ನಡದೈತಿ. ನಮ್ಮ ಹುಡುಗಿ ನಿಮ್ಮ ಸಾಲ್ಯಾಗ ಆರಾಮ ಅದಾಳ, ಖರೆ. ನಾಳೆ ಏನ್ರಿ? ನಿಮ್ಮ ಮಗಾ ಎಲ್ಲಿ ಕಲಿಯಾಕತ್ತಾನ್ರಿ?"

"ಗೋಕಾಕದಾಗ," ಎಂದೆ. "ಮನಿ ಬಾಜೂ ಸಾಲಿಗಿ ಹೋಗ್ತಾನ."

ಅದು ಸುಳ್ಳು. ನನ್ನ ಮಗ ಅಭಿಷೇಕ ಜೂನ್ ತಿಂಗಳಿಂದ ಮೂಡಲಗಿಯ ಕೋಚಿಂಗ್ ಹಾಸ್ಟೆಲಿನಲ್ಲಿದ್ದ. ಕಾಶಿನಾಥ ಸರ್ ಪಾಠ ಮಾಡುವ ಅದೇ ಕೋಚಿಂಗಿನಲ್ಲಿ.

ಭೀಮೇಶ ಬೇಡ ಅಂದಿದ್ದ. "ನಿನ್ನ ಸಾಲಿಗೇ ಕರಕೊಂಡ ಹೋಗು, ಊರ ಮಂದಿ ಮಕ್ಕಳಿಗಿ ಛಲೋ ಆಗೂದು ನಿನ್ನ ಮಗನಿಗಿ ಆಗೂದಿಲ್ಲೇನ?" ಅಂದಿದ್ದ. ಬಸ್ಸಿನ ಪ್ರಯಾಣ ಹುಡುಗನಿಗೆ ತ್ರಾಸು ಎಂದು ನಾನು ನೆವ ಹೇಳಿದೆ. ನಿಜ ಬೇರೆ ಇತ್ತು. ಬೇರೆಯವರ ಮಕ್ಕಳ ವಿಷಯದಲ್ಲಿ ನನಗೆ ಧೈರ್ಯವಿತ್ತು, ನನ್ನ ಮಗನ ವಿಷಯದಲ್ಲಿ ಅಂಜಿಕೆ. ಹೇಳುವುದು ಶಾಸ್ತ್ರ, ಹಾಕುವುದು ಗಾಳ ಅನ್ನುತ್ತಾರಲ್ಲ, ಅದು ನಾನೇ. ಐದು ತಿಂಗಳಿಂದ ಗೋಡೆಯ ಮೇಲಿನ ನಾಲ್ಕು ಮಾತುಗಳ ಕೆಳಗೆ ನಿಂತು ಪಾಠ ಮಾಡಿದೆ. ಭಾನುವಾರಕ್ಕೊಮ್ಮೆ ಮೂಡಲಗಿ ಬಸ್ಸು ಹತ್ತಿದೆ. ಶಾಲೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಸತ್ತೆಪ್ಪ ನನ್ನ ಮಾತು ನಂಬಿದ. "ನಿಮ್ಮ ಮಗನ್ನೂ ಹಂಗ ಇಟ್ಟೀರಂದ್ರ ಬರೋಬ್ಬರಿ ಆತು," ಅಂದ. ಚಹಾ ಕುಡಿದು ಎದ್ದೆ. ಉಳಿದ ಏಳು ಮನೆಗೂ ಹೋದೆ. ಪುಣ್ಯಕ್ಕೆ ಅಲ್ಲಿ ಯಾರೂ ಆ ಪ್ರಶ್ನೆ ಕೇಳಲಿಲ್ಲ.

ಆ ಭಾನುವಾರ ಶೇಂಗಾ ಹೋಳಿಗೆ ಕಟ್ಟಿಕೊಂಡು ಮೂಡಲಗಿಗೆ ಹೋದೆ. ಅಭಿಷೇಕ ಓಡಿ ಬಂದ. ಕೂದಲು ಸಣ್ಣಗೆ ಕತ್ತರಿಸಿದ್ದರು, ಕಿವಿ ಎರಡೂ ದೊಡ್ಡದಾಗಿ ಕಾಣುತ್ತಿದ್ದವು.

"ಅವ್ವಾ, ನಂದೀಗ ಹದಿನೇಳು!" ಎಂದ. "ಹೋದ ವಾರ ಇಪ್ಪತ್ತಾರ ಇತ್ತು. ಮೊದಲ ಇಪ್ಪತ್ತ ಮಂದಿಗೆ ಮೊದಲನೇ ಪಂಕ್ತಿ ಊಟಾ. ರೊಟ್ಟಿ ಬಿಸಿ ಇರ್ತಾವು."

ನನಗೆ ಖುಷಿಯಾಯಿತು. ಹೌದು, ಆಯಿತು, ಸುಳ್ಳು ಯಾಕೆ ಹೇಳಲಿ. ಮಗ ಹದಿನೇಳಕ್ಕೆ ಏರಿದ ಎಂದು ಹೆತ್ತ ಹೊಟ್ಟೆ ಹಿಗ್ಗಿತು. ಅದರ ಬೆನ್ನಿಗೇ ತಣ್ಣಗಿನ ರೊಟ್ಟಿ ತಿನ್ನುವ ಮಕ್ಕಳು ಕಣ್ಣಿಗೆ ಬಂದರು. ಹೋದ ವಾರದವರೆಗೆ ಅವರ ನಡುವೆ ಇವನೂ ಇದ್ದ. ಹೋಳಿಗೆ ಕೊಟ್ಟೆ. ಅರ್ಧ ತಿಂದು, ಉಳಿದರ್ಧವನ್ನು ಕಾಗದದಲ್ಲಿ ಸುತ್ತಿ ಕಿಸೆಗೆ ಇಟ್ಟುಕೊಂಡ. "ಹದಿನೆಂಟನೇದಾಂವ ಕೇಳ್ತಾನ, ಅವನ ಎದುರಿಗಿ ತಿನ್ನೂದೈತಿ," ಎಂದ. ಮನೆಯಲ್ಲಿ ಇದ್ದಾಗ ಪಕ್ಕದ ಮನೆಯ ನಾಯಿಗೂ ಪಾಲು ಕೊಡುತ್ತಿದ್ದ ಹುಡುಗ ಇವನು.

ಆದರೂ ಅವನನ್ನು ಅಲ್ಲೇ ಬಿಟ್ಟು ಎದ್ದೆ. ಪರೀಕ್ಷೆಗೆ ಇನ್ನು ಎಷ್ಟು ದಿನ ಅಂದುಕೊಂಡೆ. ಗೇಟಿನಲ್ಲಿ ಕಾಶಿನಾಥ ಸರ್ ಎದುರಾದರು. ಭಾನುವಾರ ಅವರು ಬೆಳಗಾವಿಗೆ ಹೋಗುತ್ತಾರೆ ಎಂದು ನಾನು ತಿಳಿದಿದ್ದೆ. ನನ್ನನ್ನು ನೋಡಿದರು, ನನ್ನ ಹಿಂದೆ ಕೈ ಬೀಸುತ್ತಿದ್ದ ಅಭಿಷೇಕನನ್ನು ನೋಡಿದರು.

"ಓಹೋ. ಅಭಿಷೇಕ ನಿಮ್ಮಾಂವ ಏನ್ರಿ?" ಎಂದು ನಕ್ಕರು. "ಛಲೋ ಆತ ಬಿಡ್ರಿ. ಶನಿವಾರ ಸಭಾದಾಗ ನೋಡೂಣು."

ಅರ್ಥವಾಗದ ಮಾತೇನಲ್ಲ. ಶನಿವಾರ ನಾನು ಬಾಯಿ ತೆರೆದರೆ ಅವರೂ ತೆರೆಯುತ್ತಾರೆ. ಬಾಯಿ ಮುಚ್ಚಿಕೊಂಡರೆ ಸುಮನ ಹೋಗುತ್ತಾಳೆ, ನನ್ನ ಮರ್ಯಾದೆ ಉಳಿಯುತ್ತದೆ. ಐದು ದಿನ ಈ ಲೆಕ್ಕದಲ್ಲೇ ಕಳೆದೆ. ಶುಕ್ರವಾರ ಭೀಮೇಶನಿಗೆ ಎಲ್ಲ ಹೇಳಿದೆ. ಅವನು ಮೋಟರಿನ ಬೇರಿಂಗು ಒರೆಸುತ್ತ, "ನಿನಗ ಬಾಯಿ ಮುಚ್ಚಗೊಂಡ ಕುಂಡ್ರಾಕ ಎಲ್ಲಿ ಬರ್ತೈತಿ? ಸುಮ್ನ ಯಾಕ ವಿಚಾರ ಮಾಡ್ತಿ," ಎಂದ.

ಶನಿವಾರ ಹನ್ನೊಂದಕ್ಕೆ ಸಭೆ. ಐದನೆಯ ತರಗತಿಯ ಕೋಣೆಯಲ್ಲಿಯೇ, ಮಕ್ಕಳ ಬೆಂಚುಗಳ ಮೇಲೆ ಪಾಲಕರು. ಈಶ್ವರಣ್ಣ ಅರ್ಧ ತಾಸು ಮಾತಾಡಿದರು. ಹೊಸ ಯುಗ, ಸ್ಪರ್ಧೆ, ಶಾಲೆಯ ಭವಿಷ್ಯ. ಆಮೇಲೆ ಎಂಟು ಮನೆಯವರನ್ನು ಮುಂದೆ ಕರೆದು, ಒಳ್ಳೆಯ ಮಾತಿನಲ್ಲಿಯೇ, ಈ ಮಕ್ಕಳಿಗೆ ಸರಕಾರಿ ಶಾಲೆಯಲ್ಲಿ ಅನುಕೂಲವಾಗುತ್ತದೆ ಎಂದು ಹೇಳಿ ಅರ್ಜಿ ಹಂಚಿದರು. ಪೆನ್ನು ಕೂಡ ಹೊಸವು. ಸತ್ತೆಪ್ಪ ಕಾಗದ ಹಿಡಿದು ನನ್ನ ಕಡೆ ನೋಡಿದ.

ನಾನು ಎದ್ದೆ. "ಯಾರೂ ಸಹಿ ಹಾಕಬ್ಯಾಡ್ರಿ. ಎಂಟನೇ ಕ್ಲಾಸ ಮುಗಿಯೂತನಕ ಯಾವ ಮಗೂನ್ನೂ ಸಾಲಿಯಿಂದ ಹೊರಗ ಹಾಕಾಕ ಕಾನೂನಿನಾಗ ಬರೂದಿಲ್ಲ. ಅದಕ್ಕ ಇವರಿಗಿ ನಿಮ್ಮ ಸಹಿ ಬೇಕಾಗೈತಿ. ಇವರು ಹೊರಗ ಹಾಕಿದ್ದನ್ನ ನೀವ ಬಿಡಿಸಿಕೊಂಡ ಹೋದಂಗ ತೋರಸಾಕ. ನಿಮ್ಮ ಮನಿ ಕಾರಣಾ ಅಂತ ಬರದಾರ ನೋಡ್ರಿ ಅದರಾಗ. ಯಾರ ಮನ್ಯಾಗ ಏನ ಕಾರಣ ಐತಿ, ಹೇಳ್ರಿ?"

ಕೋಣೆಯಲ್ಲಿ ಗುಜುಗುಜು ಎದ್ದಿತು. ಈಶ್ವರಣ್ಣ ಏನೋ ಹೇಳಲು ಬಾಯಿ ತೆರೆದರು. ಅದಕ್ಕೂ ಮೊದಲೇ ಕಾಶಿನಾಥ ಸರ್ ಕುಳಿತಲ್ಲಿಂದಲೇ, ಬಹಳ ಮೃದುವಾಗಿ, "ಅಕ್ಕೋರ, ನಿಮ್ಮ ಮಗಾ ಎಲ್ಲಿ ಕಲಿಯಾಕತ್ತಾನ, ಅದನ್ನೂ ಒಂದೀಟ ಹೇಳಿಬಿಡ್ರಲ್ಲ," ಎಂದರು.

ಸತ್ತೆಪ್ಪನ ಕಡೆ ನೋಡಬಾರದು ಅಂದುಕೊಂಡೆ. ಆಮೇಲೆ ಅವನನ್ನೇ ನೋಡಿ ಹೇಳಿದೆ.

"ಮೂಡಲಗಿಯೊಳಗ. ಇವರ ಕೋಚಿಂಗದಾಗ. ಜೂನದಿಂದ ಅಲ್ಲೇ ಅದಾನ. ಸತ್ತೆಪ್ಪಾ, ನಾ ನಿನ್ನ ಮನ್ಯಾಗ ಕುಂತ, ನಿನ್ನ ಚಹಾ ಕುಡದ ಸುಳ್ಳ ಹೇಳೇನಿ. ತಪ್ಪಾಗೈತಿ."

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. "ಊರಿಗೊಂದ ನ್ಯಾಯ, ಅಕ್ಕೋರಿಗೊಂದ ನ್ಯಾಯ," ಅಂದರು ಮತ್ತೊಬ್ಬರು. ಇನ್ನೊಂದು ಮಗುವಿನ ಅಪ್ಪ ಅಲ್ಲಪ್ಪ ಪೆನ್ನಿನ ಟೋಪಿ ತೆಗೆದು ಸಹಿ ಹಾಕಿಬಿಟ್ಟ. ನಾನು ಹೋಗಿ ಅವನ ಎದುರು ನಿಂತೆ.

"ಅಲ್ಲಪ್ಪಾ, ನಾ ಸುಳ್ಳಿ ಇದ್ರೂ ಕಾನೂನು ಖರೇನ ಐತಿ."

"ಕಾನೂನ ತಗೊಂಡ ಏನ ಮಾಡ್ಲಿ ಅಕ್ಕೋರ? ಹುಡುಗನ್ನ ದಿನಾ ಕಡೀ ಬೆಂಚಿಗಿ ಕುಂಡ್ರಸ್ತಾರ. ಮನಿಗಿ ಬಂದ ಮಾತಾಡೂದ ಬಿಟ್ಟಾನ. ಸರಕಾರಿ ಸಾಲ್ಯಾಗರೆ ಎಲ್ಲಿ ಬೇಕಾದಲ್ಲಿ ಕುಂಡ್ರತಾನ."

ಬಾಗಿಲು ಹಾಕಿಕೊಂಡು ಹಾಜರಿ ಕರೆದವಳು ಆ ಬೆಂಚುಗಳನ್ನು ಯಾಕೆ ಎಳೆದು ಹಳೆಯ ಜಾಗಕ್ಕೆ ಹಾಕಲಿಲ್ಲ? ಸಿಟ್ಟು ಈಗ ನನ್ನ ಮೇಲೆಯೇ ತಿರುಗಿತು. ಆ ಸಿಟ್ಟಿನಲ್ಲಿಯೇ ಸಭೆಯ ಕಡೆ ತಿರುಗಿ, "ಇವತ್ತ ಮೂಡಲಗಿಗಿ ಹೋಗಿ ನನ್ನ ಮಗನ್ನ ಕರಕೊಂಡ ಬರ್ತೇನಿ. ಸೋಮವಾರ ಈ ಕೋಣಿಯೊಳಗ, ಕಡೀ ಬೆಂಚಿನ ಮ್ಯಾಲ, ಸುಮನಳ ಬಾಜೂ ಅವನ್ನ ಕುಂಡ್ರಸ್ತೇನಿ. ಆಗರೆ ನನ್ನ ನಂಬ್ರಿ!" ಎಂದು ಕೂಗಿದೆ.

ಭಾರೀ ಮಾತು ಆಡಿದೆ ಎಂದು ನನಗೇ ಅನಿಸಿತು. ಆಗ ಸಾವಂತ್ರೆವ್ವ ಎದ್ದು ನಿಂತಳು. ನಾಲ್ಕು ವರ್ಷದಲ್ಲಿ ಸಭೆಯಲ್ಲಿ ಅವಳ ಬಾಯಿಂದ ಒಂದು ಮಾತು ನಾನು ಕೇಳಿರಲಿಲ್ಲ.

"ಯಾಕ್ರಿ ಅಕ್ಕೋರ," ಎಂದಳು, "ನನ್ನ ಮಗಳ ಬಾಜೂ ಕುಂಡ್ರೂದು ಶಿಕ್ಷಾ ಏನ್ರಿ, ತಪ್ಪಿಗಿ ದಂಡಾ ಕೊಟ್ಟಂಗ ನಿಮ್ಮ ಮಗನ್ನ ತಂದ ಕುಂಡ್ರಸಾಕ?"

ನನ್ನ ಕೆನ್ನೆಗೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ನಾನೂ ಸುಮನಳನ್ನು ತಕ್ಕಡಿಗೆ ಹಾಕಿದ್ದೆ, ಇನ್ನೊಂದು ತಟ್ಟೆಯಲ್ಲಿ ನನ್ನ ಪಾಪ ಇಟ್ಟು.

ಸಾವಂತ್ರೆವ್ವ ನನಗೆ ಉತ್ತರ ಕೊಡಲು ಪುರುಸೊತ್ತು ಕೊಡಲಿಲ್ಲ. ಗಂಡನ ಕೈಯಿಂದ ಅರ್ಜಿ ಇಸಿದುಕೊಂಡು ಈಶ್ವರಣ್ಣನ ಮೇಜಿನ ಮೇಲೆ ಇಟ್ಟಳು. "ಸಾವಕಾರ, ಅಕ್ಕೋರು ಸುಳ್ಳ ಹೇಳ್ಯಾರ, ಅದ ಬ್ಯಾರೆ. ಅದನ್ನ ನಾನೂ ಅವರೂ ನೋಡ್ಕೋತೇವಿ. ಸಹಿ ನಾವು ಹಾಕೂದಿಲ್ಲ, ಅದ ಬ್ಯಾರೆ. ಅವರ ಮಾರಿ ನೋಡಿ ಅಲ್ಲ. ನಮ್ಮ ಹುಡುಗಿ ಇಲ್ಲಿ ನಾಕ ವರ್ಷದಿಂದ ಬರಾಕತ್ತಾಳ. ಆಕೀನ್ನ ಕಳಸ್ತೇನಿ ಅನ್ನೂದಾದ್ರ ನಿಮ್ಮ ಕೈಲೆ ಬರೀರಿ, ನಿಮ್ಮ ಹೆಸರ ಹಾಕಿ, ನಿಮ್ಮ ಕಾರಣಾ ಹಾಕಿ. ನಮ್ಮ ಮನಿ ಹೆಸರ ತಗೋಬ್ಯಾಡ್ರಿ."

ಹೇಳಿ, ಬಂದು ಕುಳಿತಳು. ಸತ್ತೆಪ್ಪ ಪೆನ್ನನ್ನೂ ಹಿಂದಕ್ಕೆ ಕೊಟ್ಟ. ಅವರ ಹಿಂದೆ ಇನ್ನೊಬ್ಬ ತಾಯಿ, ಆಮೇಲೆ ಮತ್ತೆ ನಾಲ್ವರು. ಆರು ಅರ್ಜಿಗಳು ಖಾಲಿಯಾಗಿ ಮೇಜಿಗೆ ಮರಳಿದವು. ಅಲ್ಲಪ್ಪ ತನ್ನದನ್ನು ಹಿಂದೆ ಪಡೆಯಲಿಲ್ಲ, ಇನ್ನೊಬ್ಬರೂ ಸಹಿ ಹಾಕಿದರು. ಇಬ್ಬರು ಮಕ್ಕಳು ಹೋದರು. ಆ ಇಬ್ಬರನ್ನು ನಾನು ಇವತ್ತಿಗೂ ಲೆಕ್ಕದಿಂದ ಬಿಟ್ಟಿಲ್ಲ.

ಸಭೆ ಮುಗಿದ ಮೇಲೆ ಈಶ್ವರಣ್ಣ ನನ್ನನ್ನು ಕರೆದರು. ಕಣ್ಣು ಕೆಂಪಾಗಿದ್ದವು. "ಸೋಮವಾರದಿಂದ ನೀವು ಬರೂದ ಬ್ಯಾಡ್ರಿ."

"ಬರಹದಾಗ ಕೊಡ್ರಿ," ಎಂದೆ. "ಯಾಕ ಬ್ಯಾಡ ಅನ್ನೂದನ್ನೂ ಬರೀರಿ. ಕೊಡೂತನಕ ಬರ್ತೇನಿ."

ಅವರು ಬರೆಯಲಿಲ್ಲ. ಬರೆಯಲು ಕಾರಣ ಬೇಕಲ್ಲ. ನಾನು ನನ್ನ ಕೋಣೆಗೆ ಹೋಗಿ, ಒಬ್ಬಳೇ, ಎಲ್ಲ ಬೆಂಚುಗಳನ್ನು ಎಳೆದು ಗೋಡೆಗುಂಟ ದುಂಡಗೆ ಹಾಕಿದೆ. ದುಂಡಗೆ ಹಾಕಿದರೆ ಮೊದಲ ಬೆಂಚೂ ಇಲ್ಲ, ಕಡೆಯದೂ ಇಲ್ಲ. ಹೊರಗೆ ನಿಂತಿದ್ದ ಕಾಶಿನಾಥ ಸರ್ ನೋಡಿದರು. ಸೀರೆಗೆಲ್ಲ ಧೂಳು, ಬೆರಳು ಒಂದು ಜಜ್ಜಿತ್ತು. ಹಾಗೇ ಬಸ್ಸು ಹಿಡಿದೆ.

ಗೋಕಾಕದಲ್ಲಿ ಇಳಿದು ಮೂಡಲಗಿ ಬಸ್ಸು ಹತ್ತಿ ಹಾಸ್ಟೆಲಿಗೆ ಮುಟ್ಟಿದಾಗ ಮೂರೂವರೆ. ದಾರಿಯುದ್ದಕ್ಕೂ ಸಾವಂತ್ರೆವ್ವನ ಮಾತು ಕಿವಿಯಲ್ಲಿತ್ತು. ಮಗನನ್ನು ಕರೆತರುವುದು ಸಭೆಯ ಮುಂದೆ ಆಡಿದ ಮಾತಿಗಾಗಿ ಅಲ್ಲ, ಶಿಕ್ಷೆಗಾಗಿ ಅಲ್ಲ, ಅವನಿಗಾಗಿ ಎಂದು ಹತ್ತು ಸಲ ನನಗೆ ನಾನೇ ಹೇಳಿಕೊಂಡೆ. ಹತ್ತು ಸಲ ಹೇಳಿಕೊಳ್ಳಬೇಕಾದ ಮಾತಿನಲ್ಲಿ ಎಷ್ಟು ಹುರುಳಿರುತ್ತದೆ, ನೀವೇ ತಿಳಿದುಕೊಳ್ಳಿ.

ಬಾಗಿಲಲ್ಲಿ ವಾರ್ಡನ್ ಅಜಿತ ಸರ್ ತಡೆದರು. "ಇವತ್ತ ಭೇಟಿ ಇಲ್ರಿ. ನಾಕಕ್ಕ ವಾರದ ಟೆಸ್ಟ್ ಐತಿ."

"ಭೇಟಿಗೆ ಬಂದಿಲ್ರಿ. ಮಗನ್ನ ಕರಕೊಂಡ ಹೋಗಾಕ ಬಂದೇನಿ. ಅಭಿಷೇಕನ್ನ ಕರೀರಿ."

ನನ್ನ ದನಿ ಕೇಳಿ ಅವರು ವಾದಿಸಲಿಲ್ಲ. ಅಭಿಷೇಕ ಬಂದ, ಕೈಯಲ್ಲಿ ಪೆನ್ಸಿಲು, ರಬ್ಬರು. ನನ್ನ ಧೂಳು ಮೆತ್ತಿದ ಸೀರೆ ನೋಡಿದ.

"ಏನಾತವ್ವಾ? ಅಪ್ಪಗ ಏನರೆ ಆತೇನ?"

"ಏನೂ ಆಗಿಲ್ಲ. ಬಟ್ಟಿ ತಗೊ, ಗಂಟ ಕಟ್ಟು. ಮನಿಗಿ ಹೋಗೂಣು. ಸೋಮವಾರದಿಂದ ನನ್ನ ಸಾಲಿಗಿ ಬಾ."

ಅವನು ಖುಷಿಯಿಂದ ಕುಣಿಯುತ್ತಾನೆ ಎಂದು ನಾನು ಅಂದುಕೊಂಡಿದ್ದೆ. ಅವನು ಅಲ್ಲಾಡಲಿಲ್ಲ.

"ನಾ ಬರೂದಿಲ್ಲ."

"ಯಾಕ ಬರೂದಿಲ್ಲ? ಇಲ್ಲಿ ಏನೈತಿ? ನಿನ್ನ ಊಟಕ್ಕೂ ನಂಬರ, ನಿನ್ನ ಹಾಸಿಗಿಗೂ ನಂಬರ. ನಾ ಹೇಳಾಕತ್ತೇನಲ್ಲ, ನಡಿ!" ಎಂದು ಕೈ ಹಿಡಿದು ಎಳೆದೆ.

ಅವನು ಕೈ ಕೊಸರಿಕೊಂಡ. ಹತ್ತು ವರ್ಷದ ಹುಡುಗ, ಕಣ್ಣು ಕೆಳಗೆ ಮಾಡಲಿಲ್ಲ. "ತಂದ ಬಿಡೂವಾಗೂ ಕೇಳಲಿಲ್ಲ ನೀ. ನಾ ಅತ್ತರೂ ಬಿಟ್ಟ ಹ್ವಾದಿ. ಈಗ ಒಯ್ಯೂವಾಗೂ ಕೇಳವಲ್ಲಿ. ನಾ ಏನ ಸಂತಿ ಚೀಲ ಏನವ್ವಾ, ಬೇಕಾದಾಗ ಇಟ್ಟ ಬೇಕಾದಾಗ ಎತ್ತಗೊಂಡ ಹೋಗಾಕ?"

ಮುಂಜಾನೆಯಿಂದ ಚೇರ್ಮನ್ನರ ಎದುರು, ಕಾನೂನಿನ ಹೆಸರಿನಲ್ಲಿ, ಎಂಟು ಮಕ್ಕಳ ಪರವಾಗಿ ಕೂಗಿದ್ದೆ. ಆ ಎಂಟು ಮಕ್ಕಳನ್ನಾದರೂ ಏನು ಬೇಕು ಎಂದು ನಾನು ಕೇಳಿದ್ದೆನೇ? ಅಲ್ಲಪ್ಪನ ಮಗ ಎಷ್ಟು ದಿನದಿಂದ ಮಾತು ಬಿಟ್ಟಿದ್ದ?

ಅಲ್ಲೇ ಮೆಟ್ಟಿಲಿನ ಮೇಲೆ ಕುಳಿತೆ. ಅವನು ಒಂದು ಮೆಟ್ಟಿಲು ಬಿಟ್ಟು ಕುಳಿತ.

"ಕೇಳಲಿಲ್ಲ, ಖರೆ," ಎಂದೆ. "ತಪ್ಪಾತು. ಈಗ ಕೇಳ್ತೇನಿ. ನಿನಗ ಏನ ಬೇಕಾಗೈತಿ ಅಭಿ?"

ಅವನು ಪೆನ್ಸಿಲು ತಿರುಗಿಸುತ್ತ ಕುಳಿತ. ಅವನ ಕಣ್ಣಿಂದ ಒಂದು ಹನಿ ರಬ್ಬರಿನ ಮೇಲೆ ಬಿತ್ತು, ಅದನ್ನು ಅಂಗಿಗೆ ಒರೆಸಿಕೊಂಡ. ಅವಸರ ಮಾಡಬೇಡ ಶೋಭಾ, ಎಂದು ಹಲ್ಲು ಕಚ್ಚಿ ಕುಳಿತೆ. ನನ್ನ ಜೀವನದಲ್ಲಿ ಅಷ್ಟು ಹೊತ್ತು ನಾನು ಸುಮ್ಮನೆ ಕುಳಿತದ್ದಿಲ್ಲ.

ನಾಲ್ಕಕ್ಕೆ ಗಂಟೆ ಹೊಡೆಯಿತು. ಒಳಗೆ ನೂರಾರು ಮಕ್ಕಳ ಕಾಲಿನ ಸಪ್ಪಳ, ಬಾಗಿಲು ಹಾಕುವ ಸಪ್ಪಳ. ಅಜಿತ ಸರ್ ಹೊರಗೆ ಬಂದು, "ಏ ಹದಿನೇಳು! ಪೇಪರ್ ಕೊಟ್ಟಾತು, ಏಳು, ಟೈಮ್ ಹೊಂಟೈತಿ," ಎಂದರು.

ಅಭಿಷೇಕ ಏಳಲಿಲ್ಲ. ಅವರನ್ನು ತಿರುಗಿ ನೋಡಿ, "ನನ್ನ ಹೆಸರ ಅಭಿಷೇಕ ಐತ್ರಿ ಸರ್," ಎಂದ. "ನಮ್ಮವ್ವ ಏನೋ ಕೇಳ್ಯಾಳ. ವಿಚಾರ ಮಾಡಾಕತ್ತೇನಿ."